ರೆಕಾರ್ಡ್ ಬರೆದರೆ ಜೀವವಿಜ್ಞಾನ ಬಂದೀತೇ?



ಕರ್ನಾಟಕದಲ್ಲಿ ಪದವಿ ಶಿಕ್ಷಣದ ಚರ್ಚೆಯೆಲ್ಲ ವರ್ಷಗಳ ಲೆಕ್ಕದಲ್ಲೇ ಮುಗಿಯುತ್ತಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದ್ದಾಯಿತು. ಈ ಗದ್ದಲದಲ್ಲಿ ಬಿ.ಎಸ್ಸಿ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮಕ್ಕಳ ಪ್ರಾಯೋಗಿಕ ತರಗತಿಯ ಗತಿಯೇನೆಂದು ಕೇಳಿದವರು ಕಡಿಮೆ.

ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಪರೀಕ್ಷಕನಾಗಿ ಹೋದಲ್ಲೆಲ್ಲ ಕಂಡದ್ದು ಇದು: ರೆಕಾರ್ಡ್ ಪುಸ್ತಕದಲ್ಲಿ ಕೋಶ ವಿಭಜನೆಯ ಚಿತ್ರಗಳು ಬಲು ಅಚ್ಚುಕಟ್ಟು, ಆದರೆ ಈರುಳ್ಳಿ ಬೇರಿನ ತುದಿ ಕೊಟ್ಟು ‘ಸ್ಲೈಡ್ ಮಾಡಿ’ ಎಂದರೆ ಕೈ ನಡುಗುತ್ತದೆ. ಅಸಿಟೋಕಾರ್ಮೈನ್ ಹಾಕಿ ಹದವಾಗಿ ಬಿಸಿ ಮಾಡಿ, ಕವರ್ ಸ್ಲಿಪ್ ಮೇಲೆ ಹೆಬ್ಬೆರಳೂರಿ ಒತ್ತಬೇಕು. ಬಣ್ಣ ಹೆಚ್ಚಾದರೆ ಎಲ್ಲವೂ ಕೆಂಪು, ಬೆರಳು ಜಾರಿದರೆ ಕೋಶಗಳು ಚೆಲ್ಲಾಪಿಲ್ಲಿ. ನಾಲ್ಕಾರು ಸ್ಲೈಡ್ ಕೆಡಿಸದೆ ಇದು ಕೈಗೆ ಹತ್ತುವುದಿಲ್ಲ. ಒಂದೇ ಸೂಕ್ಷ್ಮದರ್ಶಕಕ್ಕೆ ಹತ್ತಾರು ಮಕ್ಕಳು ಸಾಲು ನಿಂತರೆ ಕೆಡಿಸಲೂ ಅವಕಾಶವಿಲ್ಲ. ಸೀನಿಯರ್‌ಗಳ ರೆಕಾರ್ಡ್ ನೋಡಿ ಚಿತ್ರ ಇಳಿಸುತ್ತಾರೆ, ಸಹಿಯೂ ಬೀಳುತ್ತದೆ.

ಪ್ರಾಣಿಶಾಸ್ತ್ರದ ಕಥೆಯೂ ಇಷ್ಟೇ. ಪ್ರಾಣಿಗಳ ಛೇದನ ನಿಲ್ಲಿಸುವಂತೆ 2014ರಲ್ಲಿ ಯುಜಿಸಿ ಸೂಚಿಸಿದ್ದು ಸರಿಯೇ. ಆದರೆ ಆ ಜಾಗಕ್ಕೆ ಬಂದದ್ದು ಗೋಡೆಯ ಚಾರ್ಟು, ಫಾರ್ಮಲಿನ್ ಬಾಟಲಿ. ಮಳೆಗಾಲದ ಹೊಂಡದ ಬಳಿ ನಿಂತು ಕಪ್ಪೆಗಳ ಕೂಗು ಗುರುತಿಸುವ, ಗೊದಮೊಟ್ಟೆಗೆ ಕಾಲು ಮೂಡುವುದನ್ನು ದಿನದಿನವೂ ಬರೆದಿಡುವ ಪಾಠ ಬರಲಿಲ್ಲ. ಇದಕ್ಕೆ ಅನುದಾನವೇನೂ ಬೇಕಿಲ್ಲ.

‘ನೀಟ್‌ನಲ್ಲಿ ಸೀಟು ಸಿಗದವರು ಬರುವ ಕೋರ್ಸು, ಅವರಿಗೆ ಆಸಕ್ತಿ ಎಲ್ಲಿ?’ ಎನ್ನುವವರಿದ್ದಾರೆ. ಆಸಕ್ತಿ ಹುಟ್ಟುವ ಕೆಲಸ ಕೊಡದೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತಿದರು. ಅವರ ‘ಹಸುರು ಹೊನ್ನು’ ಪುಸ್ತಕ ಹುಟ್ಟಿದ್ದು ಆ ತಿರುಗಾಟದಲ್ಲಿ. ಘಟ್ಟದ ಬುಡದಲ್ಲೇ ಇರುವ ನಮ್ಮ ಕಾಲೇಜುಗಳಿಗೆ ಕಾಂಪೌಂಡ್ ದಾಟಲು ಏನಡ್ಡಿ?

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮೂರು ಕೆಲಸ ಮಾಡಲಿ. ರೆಕಾರ್ಡಿನ ಅಂಕ ತಗ್ಗಿಸಿ, ಪರೀಕ್ಷಕರೆದುರು ಮಾಡಿದ ಸ್ಲೈಡಿಗೆ ಅಂಕ ಹೆಚ್ಚಿಸಲಿ. ಪ್ರತಿ ಸೆಮಿಸ್ಟರಿಗೂ ಕ್ಷೇತ್ರ ಟಿಪ್ಪಣಿ ಪುಸ್ತಕ ಕಡ್ಡಾಯವಾಗಲಿ. ಮಕ್ಕಳನ್ನು ಹೊರಗೆ ಕರೆದೊಯ್ದ ಹೊತ್ತನ್ನು ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲಿ ಸೇರಿಸಲಿ. ಇಷ್ಟಾಗದಿದ್ದರೆ ಪದವಿ ಮೂರು ವರ್ಷದ್ದಾದರೇನು, ನಾಲ್ಕು ವರ್ಷದ್ದಾದರೇನು?

– ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ