ದೂರನಿಗಾದ ಬಿಲ್ಲನ್ನು ಯಂತ್ರ ಬರೆದರೆ

ಎದೆಯ ಚರ್ಮದಡಿ ಕೂತಿರುವ ಪೇಸ್‌ಮೇಕರ್, ರೋಗಿ ನಿದ್ದೆಯಲ್ಲಿರುವಾಗ ಹಾಸಿಗೆ ಪಕ್ಕದ ಪುಟ್ಟ ಪೆಟ್ಟಿಗೆಗೆ ತನ್ನ ವರದಿ ಒಪ್ಪಿಸುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ, ಹೃದಯಕ್ಕೆ ಇಳಿಸಿದ ತಂತಿ ಸರಿಯಿದೆಯೇ, ಮೇಲಿನ ಕೋಣೆಗಳು ಲಯ ತಪ್ಪಿದವೇ, ತಪ್ಪಿದ್ದರೆ ಎಷ್ಟು ಹೊತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಪೆಟ್ಟಿಗೆ ಅದನ್ನು ಮೊಬೈಲ್ ಜಾಲದ ಮೂಲಕ ತಯಾರಕ ಕಂಪನಿಯ ಸರ್ವರ್‌ಗೆ ದಾಟಿಸುತ್ತದೆ. ಬೆಳಗಾದ ಮೇಲೆ ಆಸ್ಪತ್ರೆಯ ಡಿವೈಸ್ ಕ್ಲಿನಿಕ್‌ನ ಸಿಬ್ಬಂದಿ ಅದನ್ನು ತೆರೆದು ಓದುತ್ತಾರೆ, ವೈದ್ಯರು ಸಹಿ ಹಾಕುತ್ತಾರೆ, ಬಿಲ್ ಹೋಗುತ್ತದೆ. ಅಮೆರಿಕದಲ್ಲಿ ಈ ಬಿಲ್ ಹೋಗುವುದು ಹೆಚ್ಚಾಗಿ ಮೆಡಿಕೇರ್‌ಗೆ, ಅಂದರೆ 65 ದಾಟಿದವರಿಗೂ ಕೆಲವು ಬಗೆಯ ಅಂಗವಿಕಲರಿಗೂ ಇರುವ ಸರಕಾರಿ ಆರೋಗ್ಯ ವಿಮೆಗೆ. ಮೊದಲು ಗುಮಾಸ್ತರು ಬರೆಯುತ್ತಿದ್ದ ಈ ಬಿಲ್ಲನ್ನು ಈಗ ಸಾಫ್ಟ್‌ವೇರ್ ಬರೆಯತೊಡಗಿದೆ. ಯಂತ್ರಕ್ಕೆ ಇದರಲ್ಲಿ ಎಷ್ಟನ್ನು ಬಿಟ್ಟುಕೊಡಬಹುದು ಎಂಬುದರ ಮೇಲೆ ಅಲ್ಲಿ ಗಟ್ಟಿಯಾದ ಜಗಳ ನಡೆದಿದೆ.

ಜಗಳದ ಬೇರು ಇರುವುದು ಹಣ ಕೊಡುವ ಕ್ರಮದಲ್ಲಿ. ಪೇಸ್‌ಮೇಕರ್‌ನ ವರದಿ ಓದಿದ ವೈದ್ಯರಿಗೆ 93294 ಎಂಬ ಕೋಡ್, ಐಸಿಡಿಗೆ, ಅಂದರೆ ಲಯ ಅಪಾಯಕಾರಿಯಾಗಿ ತಪ್ಪಿದಾಗ ವಿದ್ಯುತ್ ಆಘಾತ ಕೊಡುವ ಸಾಧನಕ್ಕೆ, 93295. ಎರಡೂ 90 ದಿನಕ್ಕೆ ಒಂದೇ ಸಲ, ಆ ಅವಧಿಯಲ್ಲಿ ವರದಿ ಎಷ್ಟು ಬಾರಿ ಬಂದಿದ್ದರೂ ಸರಿ. ಲಯ ದಾಖಲಿಸುವ ಲೂಪ್ ರೆಕಾರ್ಡರ್‌ಗೆ 93298, ಅದು 30 ದಿನಕ್ಕೊಮ್ಮೆ. ಬಿ.ಪಿ., ತೂಕ, ಸಕ್ಕರೆಗಳ ದೂರನಿಗಾಕ್ಕೆ ಬೇರೆಯೇ ಕೋಡ್‌ಗಳಿವೆ. ಸಾಧನ ಹೊಂದಿಸಿ ಕಲಿಸಿದ್ದಕ್ಕೆ 99453. ಸಾಧನ ಒದಗಿಸಿ 30 ದಿನದಲ್ಲಿ ಕನಿಷ್ಠ 16 ದಿನದ ಮಾಪನ ಪಡೆದಿದ್ದಕ್ಕೆ 99454. ತಿಂಗಳಲ್ಲಿ 20 ನಿಮಿಷ ಚಿಕಿತ್ಸೆಯ ಉಸ್ತುವಾರಿ ನೋಡಿ, ರೋಗಿಯೊಡನೆ ನೇರವಾಗಿ ಮಾತಾಡಿದ್ದಕ್ಕೆ 99457. ಇವು 2019ರಲ್ಲಿ ಬಂದವು. ಮೇಲಿನ ಪ್ರತಿ 20 ನಿಮಿಷಕ್ಕೆ ಹಣ ಕೊಡುವ 99458 ಮರುವರ್ಷ ಸೇರಿತು. ಇವೆಲ್ಲ ಎಣಿಸುವುದು ದಿನಗಳನ್ನು ಮತ್ತು ನಿಮಿಷಗಳನ್ನು. ರೋಗಿಗೆ ಏನಾಯಿತು, ವೈದ್ಯರು ಏನು ಬದಲಿಸಿದರು ಎಂಬುದು ಕೋಡ್‌ನಲ್ಲಿ ಎಲ್ಲಿಯೂ ಬರುವುದಿಲ್ಲ.

ಎಣಿಕೆಯ ಕೆಲಸ ಯಂತ್ರಕ್ಕೆ ಹೋಗಬೇಕು ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಮೆಡ್‌ಟ್ರಾನಿಕ್, ಅಬಾಟ್, ಬೋಸ್ಟನ್ ಸೈಂಟಿಫಿಕ್, ಬಯೋಟ್ರಾನಿಕ್ ಎಂಬ ನಾಲ್ಕು ಕಂಪನಿಗಳಿಗೆ ನಾಲ್ಕು ಜಾಲತಾಣ, ನಾಲ್ಕು ಪಾಸ್‌ವರ್ಡ್, ನಾಲ್ಕು ಬಗೆಯ ವರದಿ. ಸಾವಿರಾರು ರೋಗಿಗಳಿರುವ ಕ್ಲಿನಿಕ್‌ನಲ್ಲಿ ಪ್ರತಿಯೊಬ್ಬರ 90 ದಿನದ ಗಡುವು ಬೇರೆ ಬೇರೆ ತಾರೀಖಿಗೆ ಬೀಳುತ್ತದೆ. ಒಂದು ದಿನ ಮೊದಲು ಬಿಲ್ ಕಳಿಸಿದರೆ ತಿರಸ್ಕಾರ, ಮರೆತರೆ ಮಾಡಿದ ಕೆಲಸಕ್ಕೆ ಹಣವಿಲ್ಲ. ಹೃದಯಲಯ ತಜ್ಞರ ಅಂತರರಾಷ್ಟ್ರೀಯ ಸಂಘಗಳು 2023ರಲ್ಲಿ ಕೂಡಿ ಹೊರಡಿಸಿದ ಒಮ್ಮತದ ದಾಖಲೆ, ದೂರನಿಗಾದಲ್ಲಿರುವ ಪ್ರತಿ 1000 ರೋಗಿಗಳಿಗೆ ಕನಿಷ್ಠ 3 ಪೂರ್ಣಾವಧಿ ಸಿಬ್ಬಂದಿ ಬೇಕು ಎಂದಿದೆ. ಆ ಮೂವರಲ್ಲಿ ಒಬ್ಬರು ದಿನವಿಡೀ ಎಕ್ಸೆಲ್ ಹಾಳೆಯಲ್ಲಿ ತಾರೀಖು ತಾಳೆ ನೋಡುತ್ತಾ ಕೂತರೆ ಲಯದ ಪಟ್ಟಿ ಓದುವ ಕಣ್ಣು ಒಂದು ಜೊತೆ ಕಡಿಮೆಯಾದಂತೆ. ಆ ಹಾಳೆಯನ್ನು ಯಂತ್ರಕ್ಕೆ ಕೊಟ್ಟರೆ ರೋಗಿಗೇ ಲಾಭ.

ದೂರನಿಗಾದ ಬೆಲೆಯ ಬಗ್ಗೆಯೂ, ಹೃದಯದ ಸಾಧನಗಳ ಮಟ್ಟಿಗೆ, ಅನುಮಾನ ಬೇಡ. 2010ರಲ್ಲಿ ಪ್ರಕಟವಾದ ಟ್ರಸ್ಟ್ ಅಧ್ಯಯನದಲ್ಲಿ, ಐಸಿಡಿ ಇದ್ದವರು ಸಾಧನ ತೋರಿಸಲೆಂದು ಆಸ್ಪತ್ರೆಗೆ ಬರುವುದು ನೂರಕ್ಕೆ 45ರಷ್ಟು ತಗ್ಗಿತು. ಹಾಗಿದ್ದೂ ಲಯದ ತೊಂದರೆಗಳು ಎಷ್ಟೋ ವಾರ ಮೊದಲೇ ಕಣ್ಣಿಗೆ ಬಿದ್ದವು. 2015ರಿಂದ ದೂರನಿಗಾ ಅಲ್ಲಿ ಚಿಕಿತ್ಸೆಯ ಮಾಮೂಲು ಭಾಗ. ಹೀಗೆ ರೋಗಿಗೆ ನೆರವಾಗುವ ಪದ್ಧತಿ ಎಂಬ ಕಾರಣಕ್ಕೇ ಅದರ ಬಿಲ್ ಶುದ್ಧವಾಗಿರಬೇಕು. ಬಿಲ್ ಕೆಟ್ಟರೆ ವಿಮೆ ಕೈ ಬಿಗಿಹಿಡಿಯುತ್ತದೆ, ಆಗ ಪೆಟ್ಟು ಬೀಳುವುದು ಆ ಪೆಟ್ಟಿಗೆ ನಿಜವಾಗಿಯೂ ಬೇಕಾದವರಿಗೆ.

ಕೆಡುವುದು ಹೇಗೆ ಎಂಬುದನ್ನು ಒಂದು ಬಿ.ಪಿ. ಪಟ್ಟಿಯಲ್ಲಿ ನೋಡಬಹುದು. 16 ದಿನದ ಗೆರೆ ಇನ್ನೂ ಗಟ್ಟಿಯಿದ್ದ 2025ರಲ್ಲಿ ಒಬ್ಬ ವೃದ್ಧೆ ತಿಂಗಳಲ್ಲಿ 14 ದಿನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದ್ದಾರೆ ಎನ್ನೋಣ. ಬಿ.ಪಿ. ಹತೋಟಿಯಲ್ಲಿದೆ, ಔಷಧ ಬದಲಿಸುವ ಅಗತ್ಯವಿಲ್ಲ, ವೈದ್ಯರಿಗೆ ತಿಳಿಯಬೇಕಾದ್ದು ತಿಳಿದಿದೆ. ಸಾಫ್ಟ್‌ವೇರ್‌ನ ಲೆಕ್ಕದಲ್ಲಿ ಮಾತ್ರ ಅವರು ‘ಅಪೂರ್ಣ’: ಇನ್ನೆರಡು ದಿನ ಬಾಕಿ. 27ನೇ ದಿನ ಫೋನಿಗೆ ಸಂದೇಶ, 28ನೇ ದಿನ ಮತ್ತೊಂದು, ಆಮೇಲೆ ಕರೆ. ಆಕೆ ಗಾಬರಿಯಿಂದ ಪಟ್ಟಿ ಸುತ್ತುತ್ತಾರೆ. ತಮಗೇನೋ ಆಗಿದೆ, ಅದಕ್ಕೇ ಇಷ್ಟು ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆ ಎರಡು ಮಾಪನ ಅವರ ದೇಹಕ್ಕಾಗಿ ತೆಗೆದದ್ದಲ್ಲ, ಬಿಲ್ಲಿಗಾಗಿ ತೆಗೆದದ್ದು. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಕಾನೂನು ಮುರಿದಿಲ್ಲ. ಆದರೂ ಕ್ರಮ ತಲೆಕೆಳಗಾಗಿದೆ. ಆರೈಕೆ ನಡೆದದ್ದಕ್ಕೆ ಬಿಲ್ ಹುಟ್ಟಬೇಕಾದಲ್ಲಿ, ಬಿಲ್ ಹುಟ್ಟಲೆಂದು ಆರೈಕೆ ನಡೆಯುತ್ತಿದೆ.

ನಿಮಿಷಗಳ ಲೆಕ್ಕ ಇನ್ನೂ ಸೂಕ್ಷ್ಮ. ಕಂಪ್ಯೂಟರ್ ಪರದೆಯಲ್ಲಿ ರೋಗಿಯ ಕಡತ ತೆರೆದ ಕೂಡಲೇ ಗಡಿಯಾರ ಓಡತೊಡಗುತ್ತದೆ. ನರ್ಸ್ ಎದ್ದು ಹೋಗಿ ಬೇರೊಬ್ಬರ ಫೋನ್ ಎತ್ತಿದರೂ, ನಿಲ್ಲಿಸು ಎಂದು ಹೇಳದಿದ್ದರೆ ಅದು ಓಡುತ್ತಲೇ ಇರುತ್ತದೆ. ತಿಂಗಳ ಕೊನೆಗೆ 20 ದಾಟಿದರೆ ಕೋಡ್ ತಾನಾಗಿ ಕೂರುತ್ತದೆ, ಟಿಪ್ಪಣಿ ಅಚ್ಚಿನಿಂದ ಇಳಿಯುತ್ತದೆ, ನೂರಾರು ಬಿಲ್‌ಗಳು ಒಂದೇ ಗುಂಡಿಗೆ ಹೊರಡುತ್ತವೆ. ಆ ಬಿಲ್ ಒಂದು ಪ್ರಮಾಣವಾಕ್ಯ: ಈ ರೋಗಿಗಾಗಿ ಇಷ್ಟು ಹೊತ್ತು ಯೋಚಿಸಲಾಯಿತು, ಅವರೊಡನೆ ಮಾತಾಡಲಾಯಿತು ಎಂದು ಒಬ್ಬ ವೈದ್ಯರು ಸರಕಾರಕ್ಕೆ ಬರೆದುಕೊಡುವ ಮಾತು. ಎಣಿಸಲು ಯಂತ್ರಕ್ಕೆ ಬರುತ್ತದೆ, ಪ್ರಮಾಣ ಮಾಡಲು ಬರುವುದಿಲ್ಲ.

ಯಂತ್ರದ ಪಕ್ಷಪಾತ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2017ರ ಒಂದು ಪ್ರಕರಣ ಕಣ್ಣೆದುರಿಗಿದೆ. ಸ್ಪೆಕ್ಟೋಕಾರ್ ಎಂಬ ಹೃದಯ ನಿಗಾ ಕಂಪನಿಯ ಸಾಧನ ಹೋಲ್ಟರ್, ಈವೆಂಟ್, ಟೆಲಿಮೆಟ್ರಿ ಎಂಬ ಮೂರು ಬಗೆಯ ಪರೀಕ್ಷೆಗಳನ್ನೂ ಮಾಡಬಲ್ಲದು ಎಂದು ವೈದ್ಯರಿಗೆ ಹೇಳಲಾಗಿತ್ತು. ಕಡಿಮೆ ಖರ್ಚಿನ ಪರೀಕ್ಷೆ ಸಾಕು ಎಂದುಕೊಂಡ ವೈದ್ಯರು ರೋಗಿಯ ಹೆಸರು ನೋಂದಾಯಿಸಲು ಹೋದರೆ, ಆ ರೋಗಿಯ ವಿಮೆ ಯಾವುದಕ್ಕೆ ಹೆಚ್ಚು ಹಣ ಕೊಡುತ್ತದೋ ಅದೊಂದಕ್ಕೇ ನೋಂದಣಿಯ ಪ್ರಕ್ರಿಯೆ ದಾರಿ ಬಿಡುತ್ತಿತ್ತು ಎಂಬುದು ಸರಕಾರದ ಆರೋಪ. ಕಂಪನಿ, ಅದರ ಮಾಲೀಕರು ಮತ್ತು ಜೊತೆಗಿದ್ದ ಇತರ ಕಂಪನಿಗಳು ಒಟ್ಟು 1.3 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಿ ರಾಜಿಯಾದವು. ಆರೋಪದ ಪ್ರಕಾರ ಚಿಕಿತ್ಸೆಯ ತೀರ್ಮಾನ ಆದದ್ದು ವೈದ್ಯರ ತಲೆಯಲ್ಲಿ ಅಲ್ಲ, ಒಂದು ನೋಂದಣಿ ಫಾರಂನಲ್ಲಿ.

ಬಿಡಿ ಪ್ರಕರಣ ಎಂದು ಇದನ್ನು ತಳ್ಳಿಹಾಕಲು ಲೆಕ್ಕಗಳು ಬಿಡುವುದಿಲ್ಲ. ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿಯಂತೆ, ಮನೆಯ ಮಾಪನಗಳ ದೂರನಿಗಾಕ್ಕೆ ಮೆಡಿಕೇರ್ ಕಡೆಯಿಂದ ಆದ ಪಾವತಿ 2019ರಲ್ಲಿ 1.5 ಕೋಟಿ ಡಾಲರ್, 2022ರಲ್ಲಿ 31.1 ಕೋಟಿ. 2024ರ ಹೊತ್ತಿಗೆ ಅದು 50 ಕೋಟಿ ದಾಟಿತು. ಸಾಧನ ಹೊಂದಿಸಿ ಕಲಿಸುವುದು, ಸಾಧನದಿಂದ ಮಾಪನ ಪಡೆಯುವುದು, ಆ ಮಾಪನದ ಮೇಲೆ ಚಿಕಿತ್ಸೆ ನಡೆಸುವುದು ಎಂಬ ಮೂರು ಭಾಗಗಳಲ್ಲಿ ಎಲ್ಲವೂ ಸಿಗದವರು ನೂರಕ್ಕೆ 43 ಮಂದಿ. ಅವರೆಲ್ಲರ ಹೆಸರಿನಲ್ಲಿ ಮೋಸ ನಡೆದಿದೆ ಎಂದು ವರದಿ ಹೇಳಿಲ್ಲ, ಹಾಗೆ ಹೇಳುವುದು ತಪ್ಪೂ ಹೌದು. ಆದರೆ ತಿಂಗಳ ಮಾಪನಕ್ಕೆ ಹಣ ಹೋಗಿ, ಆ ಮಾಪನ ನೋಡಿ ಏನಾದರೂ ಮಾಡಿದ್ದಕ್ಕೆ ಲೆಕ್ಕವೇ ಇಲ್ಲದಿದ್ದರೆ ಅದು ನಿಗಾ ಆಗುವುದು ಹೇಗೆ? ಇದೇ ಕಚೇರಿ 2023ರಲ್ಲಿ ಹಿರಿಯ ನಾಗರಿಕರಿಗೆ ಎಚ್ಚರಿಕೆಯನ್ನೂ ಹೊರಡಿಸಿತ್ತು: ಕೇಳದೆ ಫೋನ್ ಮಾಡಿ, ಅಗತ್ಯವಿದೆಯೋ ಇಲ್ಲವೋ ನೋಡದೆ ದೂರನಿಗಾಕ್ಕೆ ಸೇರಿಸಿಕೊಳ್ಳುವವರ ಬಗ್ಗೆ.

ಯಂತ್ರದ ಪರವಾಗಿರುವವರ ದೊಡ್ಡ ವಾದವೆಂದರೆ, ಸಾಫ್ಟ್‌ವೇರ್ ಪ್ರತಿ ಹೆಜ್ಜೆಯ ಗುರುತು ಉಳಿಸುತ್ತದೆ, ಮನುಷ್ಯರ ನೆನಪಿಗಿಂತ ಅದು ಭದ್ರ ಎಂಬುದು. ಅದರಲ್ಲಿ ಅರ್ಧ ನಿಜ. ಯಾರು ಯಾವ ಗಳಿಗೆಯಲ್ಲಿ ಗುಂಡಿ ಒತ್ತಿದರು ಎಂಬುದು ಉಳಿಯುತ್ತದೆ. ಒತ್ತುವ ಮೊದಲು ಲಯದ ಪಟ್ಟಿ ನೋಡಿದರೋ ಇಲ್ಲವೋ ಎಂಬುದು ಉಳಿಯುವುದಿಲ್ಲ. ಒಂದೇ ನಿಮಿಷದಲ್ಲಿ 40 ವರದಿಗಳಿಗೆ ಸಹಿ ಬಿದ್ದಿದ್ದರೆ ಆ ಗುರುತು ಸಾಕ್ಷಿಯಾಗುವುದು ನಿಗಾಕ್ಕಲ್ಲ, ನಿರ್ಲಕ್ಷ್ಯಕ್ಕೆ. ಆ ಲೆಕ್ಕ ಸಾಫ್ಟ್‌ವೇರ್‌ಗೆ ಗೊತ್ತಿರುತ್ತದೆ. ಬಿಲ್ ಕೈತಪ್ಪುತ್ತಿದೆ ಎಂದು ಕೆಂಪು ದೀಪ ಹಚ್ಚಬಲ್ಲ ವ್ಯವಸ್ಥೆ, ಈ ಬಿಲ್ ಹೋಗಬಾರದು ಎಂದೂ ಹಚ್ಚಬಲ್ಲದು.

ಇದು ಸಾಗರದಾಚೆಯ ಮಾತಷ್ಟೇ ಅಲ್ಲ. ಹೃದಯ ನಿಗಾ ಕಂಪನಿ ಬಯೋಟೆಲಿಮೆಟ್ರಿ ಮತ್ತು ಅದರ ಅಂಗಸಂಸ್ಥೆ ಕಾರ್ಡಿಯೋನೆಟ್ 2022ರ ಡಿಸೆಂಬರ್‌ನಲ್ಲಿ ಸುಮಾರು 4.49 ಕೋಟಿ ಡಾಲರ್ ಕಟ್ಟಿ ಒಂದು ಮೊಕದ್ದಮೆ ಮುಗಿಸಿಕೊಂಡವು. ಹೃದಯ ನಿಗಾದ ಪರೀಕ್ಷೆಗಳ ಒಂದಷ್ಟು ಕೆಲಸ ಅಮೆರಿಕದ ಹೊರಗೆ, ಭಾರತದಲ್ಲಿ ನಡೆದಿತ್ತು, ಮಾಡಿದವರಲ್ಲಿ ಹಲವರಿಗೆ ಬೇಕಾದ ಅರ್ಹತೆ ಇರಲಿಲ್ಲ, ಆದರೂ ಸರಕಾರಿ ವಿಮೆಗೆ ಬಿಲ್ ಹೋಗಿತ್ತು ಎಂಬುದು ಆರೋಪ. ಅಲ್ಲಿನ ಆಸ್ಪತ್ರೆಗಳ ಮೆಡಿಕಲ್ ಕೋಡಿಂಗ್ ಮತ್ತು ಬಿಲ್ಲಿಂಗ್ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಅನ್ನ ಕೊಡುವ ಕೆಲಸ. ಯಂತ್ರ ಬಂದಾಗ ಮೊದಲು ಹೋಗುವುದು ಇಲ್ಲಿನ ಕುರ್ಚಿಗಳೇ. ಆ ಕುರ್ಚಿಯಲ್ಲಿ ಕೂತವರು ಕೋಡ್ ಹಾಕುವ ಮೊದಲು ವೈದ್ಯರ ಟಿಪ್ಪಣಿ ಓದುತ್ತಾರೆ, ಸಹಿ ಇಲ್ಲದಿದ್ದರೆ ತಡೆಹಿಡಿದು ಪ್ರಶ್ನೆ ಕಳಿಸುತ್ತಾರೆ. ಟಿಪ್ಪಣಿಯನ್ನೂ ಕೋಡನ್ನೂ ಒಂದೇ ಯಂತ್ರ ಬರೆದರೆ ಆ ಪ್ರಶ್ನೆ ಕೇಳುವವರು ಯಾರೂ ಉಳಿಯುವುದಿಲ್ಲ.

2026ರಿಂದ ನಿಯಮ ಸಡಿಲವಾಗಿದೆ. 2ರಿಂದ 15 ದಿನದ ಮಾಪನಕ್ಕೆ 99445, 10 ನಿಮಿಷದ ಉಸ್ತುವಾರಿಗೆ 99470 ಎಂಬ ಹೊಸ ಕೋಡ್‌ಗಳು ಬಂದಿವೆ. 16ನೇ ದಿನಕ್ಕಾಗಿ ರೋಗಿಯನ್ನು ಕಾಡುವುದು ಇದರಿಂದ ತಗ್ಗಬಹುದು, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಗೆರೆ 16ರಿಂದ 2ಕ್ಕೆ ಇಳಿದಾಗ ಯಂತ್ರಕ್ಕೆ ಬಿಲ್ ಮಾಡಲು ಸಿಗುವ ರೋಗಿಗಳ ಸಂಖ್ಯೆ ಹಿಗ್ಗುತ್ತದೆ. ಗೆರೆ ಎಲ್ಲಿದ್ದರೂ ಸಾಫ್ಟ್‌ವೇರ್ ಅಲ್ಲಿಗೆ ಹೋಗಿ ನಿಲ್ಲುತ್ತದೆ.

ಆದ್ದರಿಂದ ಕಟ್ಟುಪಾಡು ಬೇಕಾಗಿರುವುದು ಬೇರೆ ಕಡೆ. ನಿಗಾ ಬೇಕೆಂದು ಬರೆದುಕೊಟ್ಟ ವೈದ್ಯರ ಹೆಸರು ಪ್ರತಿ ಬಿಲ್ಲಿನಲ್ಲಿ ಇರಬೇಕು, ಅಳೆಯುತ್ತಿರುವುದು ಏನನ್ನು ಎಂಬುದು ತಿಳಿಯುವಂತಿರಬೇಕು. ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಶಿಫಾರಸಿನಲ್ಲೇ ಇವು ಇವೆ. ಬಿಲ್ಲಿಂಗ್ ಕಂಪನಿಗಳು ವಸೂಲಾದ ಹಣದಲ್ಲಿ ಇಷ್ಟು ಪಾಲು ಎಂದು ಶುಲ್ಕ ಪಡೆಯುವ ಪದ್ಧತಿಯ ಬಗ್ಗೆ ಅದೇ ಕಚೇರಿ 1998ರಲ್ಲೇ ಆತಂಕ ತೋಡಿಕೊಂಡಿತ್ತು. ಬಿಲ್ ಬರೆಯುವ ಯಂತ್ರದ ಒಡೆಯರಿಗೆ ಅಂಥ ಪಾಲು ಸಲ್ಲಲೇಬಾರದು, ಸಾಫ್ಟ್‌ವೇರ್‌ಗೆ ಗೊತ್ತುಪಡಿಸಿದ ಬಾಡಿಗೆ ಸಾಕು.

ಕೊನೆಯದು ರೋಗಿಯ ಪಾಲು. ಮೆಡಿಕೇರ್‌ನ ಬಿ ಭಾಗದಲ್ಲಿ ಬಿಲ್ಲಿನ ನೂರಕ್ಕೆ 20 ಭಾಗವನ್ನು ರೋಗಿಯೇ ಭರಿಸಬೇಕು. ಪೂರಕ ವಿಮೆ ಇಲ್ಲದ, ಎದೆಯಲ್ಲಿ ಲೂಪ್ ರೆಕಾರ್ಡರ್ ಇರುವವರಿಗೆ ಈ ಖರ್ಚು ತಿಂಗಳು ತಿಂಗಳೂ ಬರುತ್ತದೆ, ಏತಕ್ಕೆ ಎಂಬುದು ಗೊತ್ತಾಗುವುದು ತಡವಾಗಿ, ಅಂಚೆಯಲ್ಲಿ ಬಂದ ಕಾಗದದ ಕೋಡ್‌ಗಳಿಂದ. ‘ಇನ್ನೆರಡು ದಿನ ಬಾಕಿ’ ಎಂದು 27ನೇ ದಿನ ಸಂದೇಶ ಹೋದ ಆ ವೃದ್ಧೆಯ ಫೋನಿಗೇ, ಬಿಲ್ ಹೊರಡುವ ಮೊದಲು ಇನ್ನೊಂದು ಸಂದೇಶ ಬರಲಿ: ಇಂಥ ದಿನಗಳ ಮಾಪನವನ್ನು ಇಂಥವರು ನೋಡಿದ್ದಾರೆ, ಇಂಥ ದಿನ ಇಷ್ಟು ನಿಮಿಷ ನಿಮ್ಮೊಡನೆ ಮಾತಾಡಿದ್ದಾರೆ, ನಿಮ್ಮ ಪಾಲಿನ ಹಣ ಇಷ್ಟು. ಯಾರೂ ಮಾತಾಡಿಲ್ಲ ಎಂದು ಆಕೆ ಉತ್ತರಿಸಿದರೆ, ಒಬ್ಬ ಮನುಷ್ಯ ವಿಚಾರಿಸಿ ನೋಡುವವರೆಗೆ ಆ ಬಿಲ್ ಅಲ್ಲಿಯೇ ನಿಲ್ಲಬೇಕು.