ತೆಂಗು ಸೀಮೆಯ ಮಕ್ಕಳಿಗೆ ತಂತಿವಾದ್ಯದ ಪದವಿ ಏಕೆ ದೂರ?

ತಿಪಟೂರು: ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮನೆಮನೆಗಳಲ್ಲಿ ಪ್ರತಿ ವರ್ಷ ಒಂದೇ ಬಗೆಯ ಲೆಕ್ಕಾಚಾರ ಆರಂಭವಾಗುತ್ತದೆ. ಎಂಜಿನಿಯರಿಂಗ್, ಬಿ.ಕಾಂ., ನರ್ಸಿಂಗ್, ಕೃಷಿ ಪದವಿ ಹೀಗೆ ಸಾಗುವ ಆ ಪಟ್ಟಿಯಲ್ಲಿ ವೀಣೆ, ಪಿಟೀಲು, ಸಿತಾರ್ ಕಾಣಿಸಿಕೊಳ್ಳುವುದು ತೀರಾ ವಿರಳ. ಹಾಗೆಂದು ತಂತಿವಾದ್ಯಗಳಲ್ಲಿ ಉನ್ನತ ಶಿಕ್ಷಣ ಪಡೆಯಲು ರಾಜ್ಯದಲ್ಲಿ ಅವಕಾಶವೇ ಇಲ್ಲವೆಂದು ಹೇಳುವಂತಿಲ್ಲ. ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆಂದೇ ಪ್ರತ್ಯೇಕ ವಿಶ್ವವಿದ್ಯಾಲಯ ಹೊಂದಿರುವ ರಾಜ್ಯ ಕರ್ನಾಟಕ. ವಿಶ್ವವಿದ್ಯಾಲಯದ ಬಾಗಿಲು ತೆರೆದೇ ಇದೆ. ತಾಲ್ಲೂಕಿನಿಂದ ಅಲ್ಲಿಯವರೆಗೆ ಹತ್ತಿ ಹೋಗಬೇಕಾದ ಮೆಟ್ಟಿಲುಗಳೇ ಇಲ್ಲದಿರುವುದು ಸಮಸ್ಯೆಯ ಮೂಲ.

ಎಲ್ಲೆಲ್ಲಿ ಕಲಿಯಬಹುದು?

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ 2009ರ ಕಾಯ್ದೆಯಡಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಬಹು ಹಿಂದಿನಿಂದ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಸಂಗೀತದಲ್ಲಿ ಪದವಿ ನೀಡುತ್ತ ಬಂದಿದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆಗಳ ವಿಭಾಗವಿದೆ. ಹಿಂದೂಸ್ತಾನಿ ಪದ್ಧತಿಯನ್ನು ಅರಸುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಮಲ್ಲಿಕಾರ್ಜುನ ಮನಸೂರರಂತಹ ದಿಗ್ಗಜರು ಅಲ್ಲಿನ ಸಂಗೀತ ಶಿಕ್ಷಣದೊಡನೆ ನಂಟು ಹೊಂದಿದ್ದರು.

ತೆಂಗು ಸೀಮೆಯ ಕಾಲೇಜುಗಳು 2004ರಲ್ಲಿ ಅಸ್ತಿತ್ವಕ್ಕೆ ಬಂದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ತಿಪಟೂರು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಮೇಲಿದೆ. ಅರಸೀಕೆರೆಯಲ್ಲಿ ಗಾಡಿ ಬದಲಿಸಿದರೆ ಹಾಸನದ ಮೂಲಕ ಮೈಸೂರನ್ನೂ ತಲುಪಬಹುದು. ಎಂಜಿನಿಯರಿಂಗ್ ಓದಲು ಇದೇ ಗಾಡಿ ಹತ್ತಿ ಹೋಗುವ ಮಕ್ಕಳು ಬಹಳ ಮಂದಿ ಇರುವುದರಿಂದ ಕೇವಲ ದಾರಿಯ ದೂರವನ್ನು ದೂರಿ ಪ್ರಯೋಜನವಿಲ್ಲ.

ಹದಿನೆಂಟರಲ್ಲಿ ಆರಂಭಿಸಿದರೆ ತಡ

ಎಂಜಿನಿಯರಿಂಗ್ ಸೇರುವ ವಿದ್ಯಾರ್ಥಿ ಅದಾಗಲೇ ಹನ್ನೆರಡು ವರ್ಷ ಗಣಿತ ಕಲಿತಿರುತ್ತಾನೆ. ಊರಿನ ಸರ್ಕಾರಿ ಶಾಲೆಯೇ ಆ ಬುನಾದಿ ಹಾಕಿಕೊಟ್ಟಿರುತ್ತದೆ. ತಂತಿವಾದ್ಯದ ವಿದ್ಯಾರ್ಥಿಗೂ ಅಂತಹುದೇ ಬುನಾದಿ ಬೇಕು. ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಬೆರಳು ತಾನೇ ಹುಡುಕಿಕೊಳ್ಳಬೇಕು, ಅದು ಸರಿಯೇ ತಪ್ಪೇ ಎಂಬುದನ್ನು ಕಿವಿ ಹೇಳಬೇಕು. ವೀಣೆಗೆ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿದ್ದರೂ ತಂತಿಯನ್ನು ಎಳೆದು ಗಮಕ ಹೊಮ್ಮಿಸುವ ಹದ ವರ್ಷಗಳ ಸಾಧನೆಯಿಂದಷ್ಟೇ ಬರುವಂಥದು. ಏಳೆಂಟು ವರ್ಷದ ವಯಸ್ಸಿನಲ್ಲಿ ಆರಂಭಿಸಿದ ಮಗು ಪದವಿ ತರಗತಿಗೆ ಬರುವಾಗ ಹತ್ತು ವರ್ಷದ ಅಭ್ಯಾಸ ಹೊತ್ತು ತರುತ್ತದೆ. ಹದಿನೆಂಟಕ್ಕೆ ವಾದ್ಯ ಮುಟ್ಟಿದವರು ಅವರೊಡನೆ ಒಂದೇ ಬೆಂಚಿನಲ್ಲಿ ಕುಳಿತರೂ ಒಂದೇ ಪಾಠ ಕಲಿಯಲಾರರು.

ಕಾಗದದ ಮೇಲೆ ಮೆಟ್ಟಿಲುಗಳಿವೆ. ಜೂನಿಯರ್, ಸೀನಿಯರ್, ವಿದ್ವತ್ ಹಂತಗಳ ಸಂಗೀತ ಪರೀಕ್ಷೆಗಳನ್ನು ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿಕೊಂಡು ಬಂತು. ದ್ವಿತೀಯ ಪಿಯುಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಕರ್ನಾಟಕ ಸಂಗೀತ ಹಾಗೂ ಹಿಂದೂಸ್ತಾನಿ ಸಂಗೀತ ವಿಷಯಗಳೂ ಸೇರಿವೆ. ಆದರೆ ವೇಳಾಪಟ್ಟಿಯಲ್ಲಿ ವಿಷಯವಿರುವುದು ಬೇರೆ, ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅದನ್ನು ಕಲಿಸುವ ಉಪನ್ಯಾಸಕರಿರುವುದು ಬೇರೆ. ಸಣ್ಣ ಊರುಗಳಲ್ಲಿ ಸಂಗೀತ ಪಾಠವೆಂದರೆ ಬಹುಮಟ್ಟಿಗೆ ಹಾಡುಗಾರಿಕೆಯ ಪಾಠ. ಅದಕ್ಕೆ ವಾದ್ಯ ಕೊಳ್ಳಬೇಕಿಲ್ಲ, ಹತ್ತು ಮಕ್ಕಳಿಗೆ ಒಟ್ಟಿಗೆ ಹೇಳಿಕೊಡಬಹುದು. ಪಿಟೀಲು, ವೀಣೆಯ ಪಾಠದಲ್ಲಿ ಮೇಷ್ಟ್ರು ಪ್ರತಿ ಮಗುವಿನ ಕೈಯನ್ನೂ ಬೇರೆ ಬೇರೆಯಾಗಿ ತಿದ್ದಬೇಕು.

ತಂತಿ ಈ ಸೀಮೆಗೆ ಹೊಸದಲ್ಲ ಎಂಬುದನ್ನೂ ಗಮನಿಸಬೇಕು. ತತ್ತ್ವಪದಕಾರರ ಏಕತಾರಿ, ಜೋಗಿಗಳ ಕಿನ್ನರಿ, ಚೌಡಿಕೆಗಳು ಯಾವ ಪದವಿಯ ಹಂಗೂ ಇಲ್ಲದೆ ಹಳ್ಳಿಗಳಲ್ಲಿ ಉಳಿದು ಬಂದ ತಂತಿವಾದ್ಯಗಳು. ಅವು ಮನೆತನದಿಂದ, ಗುರುವಿನಿಂದ ಕೈದಾಟಿ ಬಂದವು. ಆ ಸರಪಳಿ ಸಡಿಲಗೊಳ್ಳುತ್ತಿರುವ ಕಾಲದಲ್ಲಿ ಅದರ ಜಾಗಕ್ಕೆ ಶಾಲೆ ಬಂದು ನಿಂತಿಲ್ಲ.

ಕೊಬ್ಬರಿಯ ಲೆಕ್ಕ

ಇಲ್ಲಿನ ಯಾವುದೇ ಕುಟುಂಬದ ಶಿಕ್ಷಣದ ಲೆಕ್ಕ ಕೊಬ್ಬರಿಯ ಧಾರಣೆಯೊಡನೆ ತಳಕು ಹಾಕಿಕೊಂಡಿದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂ. ಆರಂಭಿಕರು ನುಡಿಸುವ ಸಾಧಾರಣ ಪಿಟೀಲು ಈ ಮೊತ್ತದೊಳಗೇ ದೊರೆಯುತ್ತದೆ. ಒಳ್ಳೆಯ ವೀಣೆಗೆ ಅದರ ಹಲವು ಪಟ್ಟು ಬೇಕು. ವಾದ್ಯದ ಬೆಲೆ ಒಮ್ಮೆ ತೆತ್ತರೆ ಮುಗಿಯಿತು; ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುವ ವೆಚ್ಚ ಹತ್ತು ವರ್ಷ ಬೆನ್ನು ಬಿಡುವುದಿಲ್ಲ.

ಆ ಹತ್ತು ವರ್ಷಗಳಲ್ಲಿ ಧಾರಣೆ ಎಷ್ಟು ಏರಿಳಿಯಬಹುದೆಂಬುದಕ್ಕೆ ಈಚಿನ ಅನುಭವವೇ ಸಾಕ್ಷಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ 11,750 ರೂ.ಗಳ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿಯಬೇಕಾಯಿತು. 2024ರಲ್ಲಿ 12,000 ರೂ. ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 1,500 ರೂ. ಪ್ರೋತ್ಸಾಹಧನ ಸೇರಿಸಿತು. ಮರುವರ್ಷ ಅದೇ ಮಾರುಕಟ್ಟೆಯಲ್ಲಿ ಧಾರಣೆ 20,000 ರೂ. ದಾಟಿತು. ಧಾರಣೆ ಬಿದ್ದ ವರ್ಷ ಮನೆಯ ಖರ್ಚಿನಲ್ಲಿ ಮೊದಲು ನಿಲ್ಲುವುದು ಸಂಗೀತ ಪಾಠವೇ. ಎರಡು ವರ್ಷ ನಿಂತ ಕೈ ಮತ್ತೆ ಹಳೆಯ ಹದಕ್ಕೆ ಬರುವುದು ಕಷ್ಟ. ಮಗುವಿನ ಶಕ್ತಿಯಾಗಲಿ ಪೋಷಕರ ಆಸಕ್ತಿಯಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಾರುಕಟ್ಟೆಯೇ ಕಲಿಕೆಯ ಆಯುಷ್ಯವನ್ನು ನಿರ್ಧರಿಸುತ್ತದೆ.

ಜೊತೆಗೂಡಿ ನುಡಿಸುವ ಪಾಠ

ಪಾಶ್ಚಾತ್ಯ ಸಂಗೀತ ವಿದ್ಯಾಲಯಗಳಲ್ಲಿ ತಂತಿವಾದ್ಯ ಕಲಿಯುವವರಿಗೆ ಚೇಂಬರ್ ಮ್ಯೂಸಿಕ್ ಪಠ್ಯದ ಮುಖ್ಯ ಭಾಗ. ಸಭಾಂಗಣಕ್ಕಿಂತ ಮನೆಯ ಕೋಣೆಗೆ ಒಪ್ಪುವ, ನಾಲ್ಕೈದು ಮಂದಿ ಕೂಡಿ ನುಡಿಸುವ ಸಂಗೀತ ಅದು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಸೇರಿದ ಚತುರ್ವಾದ್ಯ ಮೇಳಕ್ಕೆ 18ನೇ ಶತಮಾನದಲ್ಲಿ ಆಸ್ಟ್ರಿಯಾದ ಜೋಸೆಫ್ ಹೈಡನ್ ಖಚಿತ ರೂಪ ಕೊಟ್ಟರು. ಕೋಲು ಹಿಡಿದು ನಿರ್ದೇಶಿಸುವವರು ಅಲ್ಲಿ ಇಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಪಾಲು ಇರುತ್ತದೆ. ಉಳಿದ ಮೂವರನ್ನು ಕೇಳದೆ ಅದನ್ನು ನುಡಿಸಲು ಬರುವುದಿಲ್ಲ.

ಮೈಸೂರು ಸೀಮೆಗೆ ಇದು ಅಪರಿಚಿತವಲ್ಲ. ವೀಣೆ ಶೇಷಣ್ಣನವರ (1852–1926) ಕಾಲದ ಅರಮನೆಯಲ್ಲಿ ವೀಣೆಯ ಜೊತೆಗೆ ಪಾಶ್ಚಾತ್ಯ ವಾದ್ಯಗಳಿಗೂ ಮನ್ನಣೆಯಿತ್ತು. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವಾದವರು. ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಕೃತಿಗಳು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಣಗೊಂಡದ್ದು ಅವರ ಆರ್ಥಿಕ ನೆರವಿನಿಂದ. ಪಿಟೀಲು ಎಂಬ ಪಾಶ್ಚಾತ್ಯ ವಾದ್ಯವನ್ನು ನಮ್ಮದಾಗಿಸಿಕೊಂಡ ಪರಂಪರೆಯಲ್ಲೇ ಟಿ. ಚೌಡಯ್ಯ (1895–1967) ಬಂದರು. ಧ್ವನಿವರ್ಧಕ ಬಳಕೆಗೆ ಬಾರದ ಕಾಲದಲ್ಲಿ ಹಿಂದಿನ ಸಾಲಿನ ಕೇಳುಗರಿಗೂ ನಾದ ಮುಟ್ಟಲೆಂದು ಅವರು ಏಳು ತಂತಿಯ ಪಿಟೀಲು ರೂಪಿಸಿದರು. ಜೊತೆಗೂಡಿ ನುಡಿಸುವ ಪ್ರಯೋಗ ಕರ್ನಾಟಕ ಸಂಗೀತದೊಳಗೂ ನಡೆದಿದೆ. 1966ರಲ್ಲಿ ಲಾಲ್ಗುಡಿ ಜಯರಾಮನ್ ಅವರು ಪಿಟೀಲು, ಕೊಳಲು, ವೀಣೆಗಳನ್ನು ಸಮಾನ ಸ್ಥಾನದಲ್ಲಿ ಕೂರಿಸಿ ತ್ರಿವಾದ್ಯ ಕಚೇರಿಯನ್ನು ಜನಪ್ರಿಯಗೊಳಿಸಿದರು.

ಇಷ್ಟಾದರೂ ನಮ್ಮ ಪದವಿ ಶಿಕ್ಷಣದ ಒಲವು ಒಬ್ಬಂಟಿ ವಾದನದ ಕಡೆಗೇ ಇದೆ. ವಿದ್ಯಾರ್ಥಿ ಪರೀಕ್ಷಕರ ಮುಂದೆ ಒಬ್ಬನೇ ಕೂರುತ್ತಾನೆ, ಒಬ್ಬನೇ ಅಂಕ ಪಡೆಯುತ್ತಾನೆ. ಪಾಶ್ಚಾತ್ಯ ಪದ್ಧತಿಯ ಮೇಳ ಕಲಿಯಬೇಕೆಂದರೆ 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂತಹ ಖಾಸಗಿ ಸಂಸ್ಥೆಗಳೇ ಗತಿ. ಸಣ್ಣ ಊರಿನ ದೃಷ್ಟಿಯಿಂದ ಇದು ದೊಡ್ಡ ಕೊರತೆ. ಒಬ್ಬ ಶ್ರೇಷ್ಠ ವಾದಕನನ್ನು ರೂಪಿಸುವುದು ತಾಲ್ಲೂಕಿಗೆ ಕಷ್ಟವಾದೀತು. ಸಾಧಾರಣವಾಗಿ ನುಡಿಸಬಲ್ಲ ಎಂಟು ಮಕ್ಕಳು ಕೂಡಿ ಒಂದು ವರ್ಣ ಅಥವಾ ದೇವರನಾಮವನ್ನು ಶ್ರುತಿ, ಲಯ ತಪ್ಪದೆ ನುಡಿಸುವಂತೆ ಮಾಡುವುದು ಅಷ್ಟು ಕಷ್ಟವಲ್ಲ. ಜೊತೆಗಾರರಿದ್ದರೆ ಮಗು ಪಾಠ ಬಿಡುವುದೂ ಕಡಿಮೆ.

ಪದವಿಯ ನಂತರ ಏನು?

ಪೋಷಕರು ಕೇಳುವ ಮೊದಲ ಪ್ರಶ್ನೆ ಇದು. ಅದನ್ನು ಕಲೆಯ ಬಗೆಗಿನ ಅನಾದರವೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಪಿಟೀಲು ಕಲಿತವರಿಗೆ ಪಕ್ಕವಾದ್ಯದ ಕರೆಗಳು ಬರುತ್ತವೆ. ಹಾಡುಗಾರಿಕೆಯ ಕಚೇರಿಗೆ ಪಿಟೀಲು ಬೇಕೇ ಬೇಕು. ವೀಣೆ ಕಲಿತವರಿಗೆ ಆ ದಾರಿಯೂ ಕಿರಿದು. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳಿವೆ. ತಾಲ್ಲೂಕಿನ ಬಹುಪಾಲು ಮಕ್ಕಳು ಓದುವ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಅಪರೂಪ.

ಹೀಗೆ ಒಂದು ವಿಷವರ್ತುಲ ನಿರ್ಮಾಣವಾಗಿದೆ. ಹುದ್ದೆ ಇಲ್ಲವೆಂದು ಪದವೀಧರರು ತಾಲ್ಲೂಕಿಗೆ ಮರಳುವುದಿಲ್ಲ, ಮೈಸೂರು, ಬೆಂಗಳೂರಿನಲ್ಲೇ ಮನೆಪಾಠ ಹೇಳಿ ಜೀವನ ಸಾಗಿಸುತ್ತಾರೆ. ಅವರು ಮರಳದ ಕಾರಣ ತಾಲ್ಲೂಕಿನ ಮಗುವಿಗೆ ಎಂಟನೇ ವಯಸ್ಸಿಗೆ ಗುರು ಸಿಗುವುದಿಲ್ಲ. ಹತ್ತು ವರ್ಷದ ನಂತರ ಆ ಮಗು ಸಂಗೀತ ಪದವಿಗೆ ಅರ್ಜಿ ಹಾಕುವ ಪ್ರಮೇಯವೇ ಬರುವುದಿಲ್ಲ. ಸಂಗೀತ ವಿಭಾಗಗಳಿಗೆ ವಿದ್ಯಾರ್ಥಿಗಳ ಕೊರತೆ ಎಂಬ ದೂರಿನ ಬೇರನ್ನು ಇಲ್ಲೇ ಹುಡುಕಬೇಕು.

ನಮ್ಮಲ್ಲೇ ಇರುವ ಮಾದರಿ

ವರ್ತುಲ ಮುರಿದ ನಿದರ್ಶನಗಳು ರಾಜ್ಯದಲ್ಲೇ ಇವೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟಿತು. ಅಲ್ಲಿ ಕಲಿತವರು ನಾಡಿನ ಅನೇಕ ಊರುಗಳಲ್ಲಿ ಸಂಗೀತದ ಮೇಷ್ಟ್ರುಗಳಾದರು. ಧಾರವಾಡ ಸಮೀಪದ ಕಲಕೇರಿಯಲ್ಲಿ 2002ರಲ್ಲಿ ಆರಂಭವಾದ ಸಂಗೀತ ವಿದ್ಯಾಲಯ ಗ್ರಾಮೀಣ ಬಡ ಮಕ್ಕಳಿಗೆ ಶಾಲಾ ಪಾಠದ ಜೊತೆಗೇ ಹಾಡುಗಾರಿಕೆ, ಸಿತಾರ್, ಪಿಟೀಲು, ತಬಲಾಗಳನ್ನು ಉಚಿತವಾಗಿ ಕಲಿಸುತ್ತ ಬಂದಿದೆ. ವೆನಿಜುವೆಲಾದಲ್ಲಿ ಹೊಸೆ ಆಂಟೋನಿಯೊ ಅಬ್ರೂ 1975ರಲ್ಲಿ ಆರಂಭಿಸಿದ ‘ಎಲ್ ಸಿಸ್ಟೆಮಾ’ ಯೋಜನೆ ಬಡಾವಣೆಯ ಮಕ್ಕಳನ್ನು ಆರಂಭದಿಂದಲೇ ವಾದ್ಯವೃಂದದಲ್ಲಿ ಕೂರಿಸಿ ಕಲಿಸಿತು. ಅದರ ಬಗ್ಗೆ ಟೀಕೆಗಳೂ ಇವೆ. ಆದರೂ ಜೊತೆಗೂಡಿ ನುಡಿಸುವುದನ್ನು ಕಲಿಕೆಯ ಕೊನೆಗೆ ಇಡದೆ ಮೊದಲಿಗೇ ಇಟ್ಟದ್ದು ಅದರ ಹೆಚ್ಚುಗಾರಿಕೆ.

ಈ ಮೂರರಲ್ಲೂ ಸಾಮಾನ್ಯವಾದ ಅಂಶವೆಂದರೆ ಮಗು ಚಿಕ್ಕದಿರುವಾಗಲೇ ಗುರು ಅದಕ್ಕೆ ಹತ್ತಿರವಿದ್ದದ್ದು, ಮನೆಯ ಆದಾಯ ಕುಸಿದಾಗ ಪಾಠ ನಿಲ್ಲದೇ ಇದ್ದದ್ದು.

ಮಾಡಬಹುದಾದದ್ದೇನು?

2021ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯಲ್ಲಿ ಬೇರೆ ಶಾಖೆಯ ವಿಷಯ ಆಯ್ದುಕೊಳ್ಳುವ ಮುಕ್ತ ಐಚ್ಛಿಕ ವ್ಯವಸ್ಥೆಯಿತ್ತು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಸಲ್ಲಿಸಿತು. ಇದೇ ಅವಧಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಕಾರ್ಯಸಾಧುವಲ್ಲ ಎಂಬ ನಿಲುವಿಗೆ ಸಚಿವ ಸಂಪುಟದ ಉಪಸಮಿತಿ ಬಂದದ್ದು ಸರ್ಕಾರದ ಬೊಕ್ಕಸದ ಸ್ಥಿತಿಯನ್ನು ಹೇಳುತ್ತದೆ. ಇಂತಹ ಹೊತ್ತಿನಲ್ಲಿ ತಿಪಟೂರಿಗೊಂದು ಸಂಗೀತ ಕಾಲೇಜು ಬೇಕೆಂಬ ಬೇಡಿಕೆ ಮನವಿ ಪತ್ರದಲ್ಲೇ ಉಳಿಯುವ ಸಂಭವವೇ ಹೆಚ್ಚು.

ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆ. ಬಿ.ಇಡಿ. ವಿದ್ಯಾರ್ಥಿಗಳು ಶಾಲೆಗಳಿಗೆ ತೆರಳಿ ಬೋಧನಾಭ್ಯಾಸ ಮಾಡುವಂತೆ ಸಂಗೀತದ ಸ್ನಾತಕೋತ್ತರ ವಿದ್ಯಾರ್ಥಿಗಳೂ ಒಂದು ಅವಧಿಯನ್ನು ತಾಲ್ಲೂಕು ಕೇಂದ್ರದಲ್ಲಿ ಕಳೆಯುವಂತೆ ಮಾಡಬಹುದು. ಮೂರು ತಾಲ್ಲೂಕುಗಳಿಗೆ ಸೇರಿ ಇಬ್ಬರು ತಂತಿವಾದ್ಯ ಶಿಕ್ಷಕರು, ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಇಪ್ಪತ್ತು ಪಿಟೀಲುಗಳು, ಭಾನುವಾರ ಖಾಲಿ ಇರುವ ಒಂದು ಶಾಲಾ ಕೊಠಡಿ ಇಷ್ಟಿದ್ದರೆ ಆರಂಭಕ್ಕೆ ಸಾಕು. ಕೊಬ್ಬರಿ ವ್ಯವಹಾರದಲ್ಲಿ ಬೆಳೆದ ತಿಪಟೂರಿನ ವರ್ತಕರಿಗೂ ಗಣೇಶೋತ್ಸವಕ್ಕೆ ಹೊರಗಿನ ಆರ್ಕೆಸ್ಟ್ರಾ ಕರೆಸುವ ಸಮಿತಿಗಳಿಗೂ ಇದು ಹೊರಲಾರದ ಭಾರವಲ್ಲ. ವಿಶ್ವವಿದ್ಯಾಲಯಗಳು ತಮ್ಮ ಪಾಲಿಗೆ ಮೇಳವಾದನವನ್ನು ಅಂಕವಿರುವ ಪತ್ರಿಕೆಯಾಗಿಸಬಹುದು. ಎಂಟು ಮಕ್ಕಳನ್ನು ಕೂಡಿಸಿ ನುಡಿಸಲು ಕಲಿತ ಪದವೀಧರನಿಗೆ ಶಾಲೆಯಲ್ಲಿ ಕೆಲಸ ಮಾಡುವ ಅರ್ಹತೆಯೂ ಜೊತೆಗೇ ಬಂದಿರುತ್ತದೆ.

ನೆಟ್ಟ ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕೆಂಬುದು ಇಲ್ಲಿನ ರೈತರಿಗೆ ತಿಳಿಯದ್ದಲ್ಲ. ಕಾಯುವ ತಾಳ್ಮೆಯನ್ನು ಯಾರೂ ಅವರಿಗೆ ಕಲಿಸಬೇಕಿಲ್ಲ. ಅವರು ಕೇಳುವುದು ನೀರಿನ ಖಾತರಿಯನ್ನು. ಈ ವರ್ಷ ಎರಡನೇ ತರಗತಿಗೆ ಸೇರಿದ ಮಗು ಪದವಿಯ ವಯಸ್ಸಿಗೆ ಬರಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲವಿದೆ. ಅಷ್ಟೂ ಕಾಲ ಪಾಠ ನಿಲ್ಲುವುದಿಲ್ಲ ಎಂಬ ಭರವಸೆಯನ್ನು ಸರ್ಕಾರವೋ ವಿಶ್ವವಿದ್ಯಾಲಯವೋ ಊರಿನವರೋ ಕೊಡದ ಹೊರತು ತೆಂಗು ಸೀಮೆಯ ಹೆಸರು ಸಂಗೀತ ಪದವಿಯ ಪ್ರವೇಶ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಆಕಸ್ಮಿಕವಾಗಿಯೇ ಉಳಿಯುತ್ತದೆ.