ಹೆಚ್ಚೆಂಬುದೆಲ್ಲ ಒಳಿತಲ್ಲ

ನಾನು ದೇವಸುಗೂರಿನವನೆಂದ ಕೂಡಲೇ ಗೆಳೆಯರು, "ನಿಮ್ಮೂರಿಗೇನಪ್ಪ, ಕರೆಂಟಿನ ಚಿಂತೆಯೇ ಇಲ್ಲ" ಎನ್ನುತ್ತಾರೆ. ಕೃಷ್ಣೆಯ ದಂಡೆಯಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಇಷ್ಟು ಶಕ್ತಿ ಹುಟ್ಟುವಲ್ಲಿ ಸ್ವಲ್ಪ ಪೋಲಾದರೇನು ಎಂಬ ಭಾವನೆ ನಮ್ಮಲ್ಲಿದೆ. ಅದು ತಪ್ಪೆಂಬುದೇ ನನ್ನ ವಾದ. ಬಿ.ಎ. ವಿದ್ಯಾರ್ಥಿಗೆ ಈ ವಿಷಯವೇಕೆಂದು ಗುರುಗಳು ನಗದಿರಲಿ.

ವಿದ್ಯುಚ್ಛಾಸ್ತ್ರದಲ್ಲಿ ಯಾಕೋಬಿಯ ನಿಯಮವೊಂದುಂಟು: ಮೂಲದ ಒಳರೋಧಕ್ಕೆ ಹೊರಗಿನ ರೋಧ ಸಮವಾದಾಗ ಹೊರಗೆ ಅತ್ಯಧಿಕ ಶಕ್ತಿ ದೊರೆಯುತ್ತದೆ. 12 ವೋಲ್ಟಿನ, 1 ಓಮ್ ಒಳರೋಧದ ಬ್ಯಾಟರಿಗೆ 1 ಓಮ್ ರೋಧ ಜೋಡಿಸಿದರೆ ಹೊರಗೆ 36 ವಾಟ್ ಸಿಗುತ್ತದೆ. ಒಳಗೂ 36 ವಾಟ್ ಶಾಖವಾಗಿ ಹೋಗುತ್ತದೆ. 3 ಓಮ್ ಜೋಡಿಸಿದರೆ ಸಿಗುವುದು 27 ವಾಟ್, ನಷ್ಟ 9 ಮಾತ್ರ. ಮೊದಲನೆಯದರಲ್ಲಿ ಗಳಿಕೆ ಹೆಚ್ಚು, ಎರಡನೆಯದರಲ್ಲಿ ಮಿತವ್ಯಯ ಹೆಚ್ಚು. ಆಂಟೆನಾ ಹಿಡಿಯುವ ಕ್ಷೀಣ ಸಂಕೇತವನ್ನು ರೇಡಿಯೋಗೆ ಮುಟ್ಟಿಸಲು ಮೊದಲನೆಯದೇ ಸರಿ. ವಿದ್ಯುತ್ ಕೇಂದ್ರಕ್ಕೆ ಅದು ಸಲ್ಲದು. ಡೈನಮೊದ ದಕ್ಷತೆ ಶೇಕಡಾ 50ನ್ನು ಮೀರದೆಂದು ಹಿಂದೆ ಹಲವರು ನಂಬಿದ್ದರು. 1879ರ ಸುಮಾರಿಗೆ ಎಡಿಸನ್ನನು ಒಳರೋಧ ಅತ್ಯಲ್ಪವಾದ ಯಂತ್ರವನ್ನು ಮಾಡಿ ಆ ನಂಬಿಕೆಯನ್ನು ಅಳಿಸಿದನು.

ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಅದರಲ್ಲಿಯೂ ತಂತಿಯಲ್ಲಿ ಸೋರಿದ್ದನ್ನು ತುಂಬಲು ಮತ್ತಷ್ಟು ಕಲ್ಲಿದ್ದಲು ಸುಡಬೇಕು. ದೀಪ ಎಲ್ಲಿಯೋ ಉರಿಯುತ್ತದೆ, ಬೂದಿ ಮಾತ್ರ ಇಲ್ಲಿಯೇ ಉಳಿಯುತ್ತದೆ. ಆದಕಾರಣ ಪೋಲಾಗುವ ಒಂದೊಂದು ಯೂನಿಟ್ಟೂ ನಮ್ಮೂರಿನ ಪ್ರಶ್ನೆ.

ಹಾಗಾದರೆ ನಾವೇನು ಮಾಡಬಹುದು? ಮಾನ್ವಿ, ದೇವದುರ್ಗಗಳ ಹೊಲದ ಪಂಪುಸೆಟ್ಟನ್ನೇ ನೋಡಿ. ಮೋಟಾರಿನ ಸುರುಳಿಯಿಂದಾಗಿ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಅಷ್ಟೇ ಕೆಲಸಕ್ಕೆ ತಂತಿಯಲ್ಲಿ ಹೆಚ್ಚು ಪ್ರವಾಹ ಹರಿಯಬೇಕಾಗುತ್ತದೆ. ತಕ್ಕ ಅಳತೆಯ ಕೆಪಾಸಿಟರ್ ಕೂಡಿಸಿದರೆ ಈ ಕೊರತೆ ನೀಗುತ್ತದೆ. ಪವರ್ ಫ್ಯಾಕ್ಟರ್ 0.7ರಿಂದ 0.9ಕ್ಕೆ ಏರಿದರೆ, ಅದೇ ವೋಲ್ಟೇಜಿನಲ್ಲಿ ಅದೇ ಕೆಲಸಕ್ಕೆ ತಂತಿಯ ಶಾಖನಷ್ಟ ಸುಮಾರು ಶೇಕಡಾ 40ರಷ್ಟು ತಗ್ಗುತ್ತದೆ. ನಿಜವಾದ ಹೊಂದಾಣಿಕೆ ಇದು.

ನಮ್ಮಲ್ಲಿ ಬಹುಮಂದಿ ಒಕ್ಕಲು ಮಕ್ಕಳು. ಈ ಲೆಕ್ಕವನ್ನು ಕನ್ನಡದಲ್ಲಿ ಮನೆಯವರಿಗೆ ತಿಳಿಹೇಳಲು ವಿಜ್ಞಾನದ ಪದವಿ ಬೇಕಿಲ್ಲ. ಎಷ್ಟು ಶಕ್ತಿ ಹುಟ್ಟಿತೆಂದು ಹೆಮ್ಮೆಪಡುವ ಮೊದಲು, ಎಷ್ಟು ಸೋರಿತು, ಅದರ ಭಾರ ಯಾರ ಮೇಲೆ ಬಿದ್ದಿತು ಎಂದು ಕೇಳುವುದನ್ನು ನಾವು ಕಲಿಯೋಣ.